ಬಿಡದಿಯ 950 ರೂಪಾಯಿ: ಕಷ್ಟಕಾಲದಲ್ಲಿ ಸಂಬಳದ ಒಪ್ಪಂದ ಆಗುವ ಬಗೆ

2014ರ ಮಾರ್ಚ್ 16, ಭಾನುವಾರ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಕಂಪನಿ ತನ್ನ ಎರಡೂ ಘಟಕಗಳಿಗೆ ಲಾಕೌಟ್ ಘೋಷಿಸಿತು. ಹತ್ತು ತಿಂಗಳಿಂದ ಎಳೆದಾಡುತ್ತಿದ್ದ ಸಂಬಳದ ಮಾತುಕತೆ ಮುರಿದುಬಿದ್ದಿತ್ತು. ಆಗ ಪತ್ರಿಕೆಗಳಲ್ಲಿ ಬಂದ ಲೆಕ್ಕದಂತೆ ಕಾರ್ಮಿಕ ಸಂಘ ಇಳಿದಿಳಿದು ಬಂದು ನಿಂತದ್ದು ತಿಂಗಳಿಗೆ 4,000 ರೂಪಾಯಿ ಏರಿಕೆಗೆ. ಆಡಳಿತ ಮಂಡಳಿ ಏರಿ ಬಂದು ನಿಂತದ್ದು 3,050ಕ್ಕೆ. ನಡುವೆ ಉಳಿದದ್ದು 950 ರೂಪಾಯಿ.

ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರದ ಮನೆಗಳಲ್ಲಿ ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇಷ್ಟು ದೊಡ್ಡ ಕಂಪನಿ ಒಂಬೈನೂರೈವತ್ತು ರೂಪಾಯಿಗೆ ಬಾಗಿಲು ಹಾಕುತ್ತದೆಯೇ? ಲೆಕ್ಕ ಹಾಕಿ ನೋಡೋಣ. ಸಂಘದಲ್ಲಿದ್ದವರು ಸುಮಾರು 4,200 ಮಂದಿ. ತಲೆಗೆ 950ರಂತೆ ತಿಂಗಳಿಗೆ 39.9 ಲಕ್ಷ, ವರ್ಷಕ್ಕೆ 4.79 ಕೋಟಿ. ಆಗಿನ ಒಂದು ಇನ್ನೋವಾ ಕಾರಿಗೆ ಹತ್ತು ಲಕ್ಷ ಎಂದು ಹಿಡಿದರೆ 48 ಗಾಡಿಯ ಬೆಲೆ. ಆಗ ವರ್ಷಕ್ಕೆ 3.10 ಲಕ್ಷ ಗಾಡಿ ತಯಾರಿಸುವ ಸಾಮರ್ಥ್ಯವಿದ್ದ ಕಾರ್ಖಾನೆಗೆ ಇದು ಒಂದು ದಿನದ ಕೆಲಸವೂ ಅಲ್ಲ.

ಹಾಗಿದ್ದರೆ ಜಗಳ ಯಾವುದಕ್ಕೆ? ಸಂಬಳದ ಒಪ್ಪಂದದಲ್ಲಿ ಹೊರಗಿನವರ ಕಿವಿಗೆ ಬೀಳುವುದು ಒಂದೇ ಒಂದು ಸಂಖ್ಯೆ. ಒಳಗೆ ಏಳೆಂಟು ಸಂಖ್ಯೆಗಳಿರುತ್ತವೆ. ಕಾಲ ಚೆನ್ನಾಗಿದ್ದಾಗ ಒಳಗಿನವನ್ನು ಯಾರೂ ಬಿಡಿಸಿ ನೋಡುವುದಿಲ್ಲ. ಕಾಲ ಕೆಟ್ಟಾಗ ಏಟು ಬೀಳುವುದು ಅವಕ್ಕೇ.

ಕಾದವನ ಕೈ ಮೇಲು

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಹೋದವರಿಗೆ ಚೌಕಾಸಿಯ ಮೊದಲ ಪಾಠ ಬೇರೆ ಹೇಳಬೇಕಿಲ್ಲ. ಹರಾಜಿನಲ್ಲಿ ಕೂಗಿದ ಬೆಲೆ ಹಿಡಿಸದಿದ್ದರೆ ರೈತ ಇನ್ನೊಂದು ಸುತ್ತಿಗೆ ಕಾಯಬಹುದು. ಆದರೆ ಎಷ್ಟು ಸುತ್ತು? ಬಿಡಿಸಿ ತಂದ ಗೂಡನ್ನು ನಾಲ್ಕಾರು ದಿನಕ್ಕಿಂತ ಹೆಚ್ಚು ಇಟ್ಟುಕೊಂಡರೆ ಒಳಗಿನ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ. ಆ ಗೂಡು ಮತ್ತೆ ನೂಲು ಬಿಚ್ಚಲು ಬಾರದು. ನೂಲು ತೆಗೆಯುವ ರೀಲರಿಗೂ ಇದು ಗೊತ್ತು, ರೈತನಿಗೂ ಗೊತ್ತು. ಬೆಲೆ ನಿಲ್ಲುವುದು ಗೂಡಿನ ಗುಣದ ಮೇಲೆ ಎಷ್ಟೋ ಅಷ್ಟೇ ಯಾರು ಎಷ್ಟು ಹೊತ್ತು ಕಾಯಬಲ್ಲರು ಎಂಬುದರ ಮೇಲೆ.

ಸಂಬಳದ ಮಾತುಕತೆಯೂ ಹೀಗೇ. ಕಾರ್ಮಿಕನ ಕಡೆ ಚಿಟ್ಟೆಯ ಹೆಸರು ಮನೆ ಸಾಲದ ಕಂತು, ಮಕ್ಕಳ ಶಾಲೆಯ ಫೀಸು. ಕಂಪನಿಯ ಕಡೆ ಅದರ ಹೆಸರು ಡೆಲಿವರಿ ಕೊಡಬೇಕಾದ ಬುಕಿಂಗ್. ಮಾರುಕಟ್ಟೆ ಜೋರಾಗಿದ್ದು ಗಿರಾಕಿ ಸಾಲಿನಲ್ಲಿ ನಿಂತಿದ್ದರೆ ಒಂದು ಶಿಫ್ಟ್ ನಿಂತರೂ ಕಂಪನಿಗೆ ಚುರುಕು ಮುಟ್ಟುತ್ತದೆ. ಮಾಲು ಯಾರ್ಡಿನಲ್ಲಿ ಬಿಸಿಲಿಗೆ ಒಣಗುತ್ತಿದ್ದರೆ ಕೆಲಸ ನಿಂತದ್ದೇ ಒಳ್ಳೆಯದಾಯಿತು ಎನ್ನುವ ಲೆಕ್ಕಿಗರೂ ಇರುತ್ತಾರೆ.

2013-14 ಅಂಥದ್ದೇ ವರ್ಷ. ದೇಶದ ಆರ್ಥಿಕ ಬೆಳವಣಿಗೆ ಆಗಿನ ಲೆಕ್ಕದಲ್ಲಿ ಸತತ ಎರಡನೇ ವರ್ಷ ಶೇ 5ರ ಕೆಳಗಿತ್ತು. 2013ರ ಆಗಸ್ಟ್‌ನಲ್ಲಿ ಡಾಲರಿಗೆ ರೂಪಾಯಿ 68 ದಾಟಿತ್ತು. ಕಾರು ಮಾರಾಟ ಎರಡು ವರ್ಷ ಮೇಲಿಂದ ಮೇಲೆ ಕುಸಿದಿತ್ತು. 2014ರ ಫೆಬ್ರುವರಿಯ ಮಧ್ಯಂತರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಸಣ್ಣ ಕಾರಿನ ಅಬಕಾರಿ ಸುಂಕವನ್ನು ಶೇ 12ರಿಂದ 8ಕ್ಕೆ ಇಳಿಸಿದ್ದು ಇದೇ ಕಾರಣಕ್ಕೆ. ಬಿಡದಿಯ ಕಂಪನಿಯ ಮಾರಾಟ ಅದರ ತಯಾರಿಕಾ ಸಾಮರ್ಥ್ಯದ ಅರ್ಧದಷ್ಟೂ ಇರಲಿಲ್ಲ. ಅಂದರೆ ಕಾಯುವ ಶಕ್ತಿ ಯಾರ ಕಡೆಗಿತ್ತು ಎಂಬುದು ಗೇಟಿನ ಹೊರಗಿನಿಂದಲೇ ಕಾಣುತ್ತಿತ್ತು.

ಇನ್ನೊಂದು ಮಗ್ಗುಲೂ ಇದೆ. ಅದೇ ವರ್ಷ ಗ್ರಾಹಕ ಬೆಲೆ ಏರಿಕೆ ಶೇ 9ನ್ನು ಮೀರಿತ್ತು. ಈರುಳ್ಳಿ ಕೊಳ್ಳಲು ಹೋದವರು ಬರಿಗೈಯಲ್ಲಿ ವಾಪಸಾದ ವರ್ಷ ಅದು. 20,000 ರೂಪಾಯಿ ಸಂಬಳದವನಿಗೆ ಶೇ 9ರ ಬೆಲೆ ಏರಿಕೆ ಎಂದರೆ ಹೋದ ವರ್ಷದಷ್ಟೇ ಊಟ ಮಾಡಲು 1,800 ರೂಪಾಯಿ ಹೆಚ್ಚು ಬೇಕು. ಆ 1,800 ನಿಜವಾದ ಏರಿಕೆಯಲ್ಲ, ನಿಂತಲ್ಲೇ ನಿಲ್ಲುವ ಖರ್ಚು. ಕಂಪನಿ ‘ಮಾರಾಟ ಇಲ್ಲ’ ಎನ್ನುವುದೂ ನಿಜ, ಕಾರ್ಮಿಕ ‘ಜೀವನ ಸಾಗುತ್ತಿಲ್ಲ’ ಎನ್ನುವುದೂ ನಿಜ. ಕಷ್ಟಕಾಲದ ಮಾತುಕತೆ ಗಂಟು ಬೀಳುವುದು ಇಬ್ಬರ ಮಾತೂ ನಿಜವಾಗಿರುವುದರಿಂದಲೇ.

ಬೇಡಿಕೆ ಪಟ್ಟಿಯಿಂದ ಸಹಿಯವರೆಗೆ

ಹಳೆಯ ಒಪ್ಪಂದದ ಅವಧಿ ಮುಗಿಯುವ ಹೊತ್ತಿಗೆ ಯೂನಿಯನ್ ಒಂದು ಬೇಡಿಕೆ ಪಟ್ಟಿ ಕೊಡುತ್ತದೆ. ಎಲ್ಲರೂ ‘ಚಾರ್ಟರ್’ ಎನ್ನುವುದು ಇದನ್ನೇ. ಇದರಲ್ಲಿ ಸಂಬಳದ ಜತೆಗೆ ಬಸ್ಸು, ಕ್ಯಾಂಟೀನು, ವೈದ್ಯಕೀಯ ವಿಮೆ, ರಜೆ, ಬಡ್ತಿ ಎಲ್ಲ ಇರುತ್ತವೆ. ಆಡಳಿತ ಮಂಡಳಿಯೂ ತನ್ನದೊಂದು ಪಟ್ಟಿ ಇಡುತ್ತದೆ: ಉತ್ಪಾದನೆ ಇಷ್ಟು ಹೆಚ್ಚಬೇಕು, ಗೈರುಹಾಜರಿ ತಗ್ಗಬೇಕು, ಅಗತ್ಯ ಬಿದ್ದರೆ ಬೇರೆ ಲೈನಿಗೆ ಹೋಗಬೇಕು. ಈ ಎರಡನೇ ಪಟ್ಟಿಯನ್ನು ಕಾರ್ಮಿಕರು ಓದುವುದು ಕಡಿಮೆ. ನನ್ನ ಮಟ್ಟಿಗೆ ಓದಬೇಕಾದದ್ದು ಅದನ್ನೇ ಮೊದಲು.

ಇಬ್ಬರೂ ತಾವೇ ಕೂತು ಮುಗಿಸಿಕೊಂಡರೆ ಅದು 2025ರವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಲೆಕ್ಕದಲ್ಲಿ 18(1)ರ ಒಪ್ಪಂದ. ಸಹಿ ಹಾಕಿದ ಪಕ್ಷಗಳನ್ನು ಮಾತ್ರ ಕಟ್ಟಿಹಾಕುತ್ತದೆ. ಮುಗಿಯದಿದ್ದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ತ್ರಿಪಕ್ಷೀಯ ಸಭೆ. ಅಲ್ಲಿ ಆಗುವ ಒಪ್ಪಂದಕ್ಕೆ ಕಾರ್ಖಾನೆ ಭಾಷೆಯಲ್ಲಿ ‘ಟ್ವೆಲ್ವ್ ತ್ರೀ’, ಅಂದರೆ ಅದೇ ಕಾಯ್ದೆಯ ಕಲಂ 12(3). ಇದರ ತೂಕವೇ ಬೇರೆ. ಆ ಸಂಘಕ್ಕೆ ಸೇರದವರನ್ನೂ, ನಾಳೆ ಕೆಲಸಕ್ಕೆ ಸೇರುವವರನ್ನೂ ಅದು ಕಟ್ಟಿಹಾಕುತ್ತದೆ. ಎರಡು ಸಂಘಗಳಿರುವ ಕಾರ್ಖಾನೆಯಲ್ಲಿ ಮಾಲೀಕರು ‘ಟ್ವೆಲ್ವ್ ತ್ರೀ’ಯೇ ಆಗಲಿ ಎನ್ನುವುದು ಸುಮ್ಮನೆ ಅಲ್ಲ.

ಸಂಧಾನವೂ ಮುರಿದರೆ ಸರ್ಕಾರ ವಿವಾದವನ್ನು ಕೈಗಾರಿಕಾ ನ್ಯಾಯಮಂಡಳಿಗೆ ಕಳಿಸಬಹುದಿತ್ತು. ಹಾಗೆ ಕಳಿಸಿದಾಗ 10(3)ರಂತೆ ಮುಷ್ಕರ, ಲಾಕೌಟ್ ಎರಡನ್ನೂ ನಿಷೇಧಿಸುವ ಅಧಿಕಾರ ಅದಕ್ಕಿತ್ತು. ನ್ಯಾಯಮಂಡಳಿಗೆ ಹೋದ ಸಂಬಳದ ಮಾತು ವರ್ಷಗಟ್ಟಲೆ ಅಲ್ಲೇ ಉಳಿಯಬಹುದು. ಇದನ್ನು ಬಲ್ಲ ಹಳೆಯ ಯೂನಿಯನ್ ನಾಯಕರು ಹೀಗೆ ಕಳಿಸುವುದಕ್ಕಿದ್ದ ‘ರೆಫರೆನ್ಸ್’ ಎಂಬ ಪದ ಕೇಳಿದರೇ ಮುಖ ಹಿಂಡುತ್ತಾರೆ.

2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾದರೂ ಬಾಯಲ್ಲಿ ‘ಟ್ವೆಲ್ವ್ ತ್ರೀ’ ಇನ್ನೂ ಬಹಳ ಕಾಲ ಉಳಿಯುತ್ತದೆ. ಮಾತುಕತೆಯ ಮಟ್ಟಿಗೆ ನಿಜವಾದ ಬದಲಾವಣೆ ಮೂರು. ಒಂದಕ್ಕಿಂತ ಹೆಚ್ಚು ಸಂಘಗಳಿದ್ದಲ್ಲಿ ಶೇ 51 ಕಾರ್ಮಿಕರ ಬೆಂಬಲವಿರುವ ಸಂಘವೇ ಮಾತುಕತೆಯ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ 20ಕ್ಕೆ ಕಡಿಮೆಯಿಲ್ಲದ ಬೆಂಬಲವಿರುವ ಸಂಘಗಳೆಲ್ಲ ಸೇರಿ ಒಂದು ಮಂಡಳಿ. ಎರಡನೆಯದು, ಮುಷ್ಕರಕ್ಕೆ ಮುಂಚೆ 14 ದಿನದ ನೋಟಿಸ್ ಈಗ ಎಲ್ಲ ಕೈಗಾರಿಕೆಗಳಿಗೂ ಕಡ್ಡಾಯ. ಸಂಧಾನ ನಡೆಯುತ್ತಿರುವಾಗ ಮುಷ್ಕರ ಕೂಡದು. ಮೂರನೆಯದು ಹಳ್ಳಿಯ ಹುಡುಗರಿಗೂ ಗೊತ್ತಿದ್ದ ಉಪಾಯವೊಂದನ್ನು ಮುಚ್ಚಿತು: ಅರ್ಧಕ್ಕರ್ಧ ಜನ ಒಂದೇ ದಿನ ಸಿಎಲ್ (ಸಾಂದರ್ಭಿಕ ರಜೆ) ಹಾಕಿದರೆ ಅದೂ ಮುಷ್ಕರವೇ.

ಸಂಖ್ಯೆಯ ಒಳಗಿನ ಸಂಖ್ಯೆಗಳು

ಗೇಟ್ ಮೀಟಿಂಗಿನಲ್ಲಿ ನಾಯಕ ಮೈಕ್ ಹಿಡಿದು ‘ಹನ್ನೆರಡು ಸಾವಿರ ಆಯಿತು’ ಎಂದಾಗ ಚಪ್ಪಾಳೆ ಬೀಳುತ್ತದೆ. ಚಪ್ಪಾಳೆಗೆ ಮುಂಚೆ ಕೇಳಬೇಕಾದ ಪ್ರಶ್ನೆಗಳಿವೆ.

ಮೊದಲನೆಯದು, ಎಷ್ಟು ವರ್ಷಕ್ಕೆ, ಯಾವ ಪಾಲಿನಲ್ಲಿ? ಮೂರು ವರ್ಷಕ್ಕೆ 12,000 ಎಂದುಕೊಳ್ಳಿ. ವರ್ಷಕ್ಕೆ ನಾಲ್ಕು ಸಾವಿರದಂತೆ ಸಮಪಾಲು ಹಂಚಿದರೆ ಮೂರು ವರ್ಷದಲ್ಲಿ ಕೈಗೆ ಬರುವ ಹೆಚ್ಚಿನ ಹಣ 2,88,000 ರೂಪಾಯಿ. ಅದೇ 12,000ವನ್ನು ಮೊದಲ ವರ್ಷ 6,000, ಎರಡನೇ ವರ್ಷ 3,600, ಮೂರನೇ ವರ್ಷ 2,400 ಎಂದು ಒಡೆದರೆ 3,31,200. ವ್ಯತ್ಯಾಸ 43,200 ರೂಪಾಯಿ. ಭಾಷಣದಲ್ಲಿ ಎರಡೂ ಹನ್ನೆರಡು ಸಾವಿರವೇ. ಮಾರಾಟ ಬಿದ್ದ ವರ್ಷದಲ್ಲಿ ಕಂಪನಿ ಮೊದಲ ಪಾಲನ್ನು ಸಣ್ಣದು ಮಾಡಲು ನೋಡುತ್ತದೆ. ಅದು ತಪ್ಪೆಂದು ಹೇಳಲಾಗದು. ಆದರೆ ಹಾಗೆ ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ಏನು ಸಿಕ್ಕಿತು ಎಂದು ಕೇಳಬೇಕು.

ಎರಡನೆಯದು, ಬೇಸಿಕ್‌ಗೆ ಎಷ್ಟು, ಅಲೋಯೆನ್ಸಿಗೆ ಎಷ್ಟು? ನನ್ನ ಅಭಿಪ್ರಾಯದಲ್ಲಿ ಇಡೀ ಒಪ್ಪಂದದ ಜೀವ ಇರುವುದು ಇಲ್ಲಿ. ಭವಿಷ್ಯನಿಧಿಗೆ (ಪಿಎಫ್) ಮಾಲೀಕರ ಪಾಲು ಶೇ 12. ಗ್ರಾಚ್ಯುಟಿ ಎಂದರೆ ಕೊನೆಯ ತಿಂಗಳ ಬೇಸಿಕ್ ಮತ್ತು ತುಟ್ಟಿಭತ್ಯೆಯನ್ನು (ಡಿಎ) 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿದ ಮೊತ್ತ. 3,000 ರೂಪಾಯಿ ಏರಿಕೆ ಪೂರ್ತಿ ಬೇಸಿಕ್‌ಗೆ ಬಂದರೆ, ಪೂರ್ತಿ ಸಂಬಳದ ಮೇಲೆ ಪಿಎಫ್ ಕಟ್ಟುವ ಕಂಪನಿಯಲ್ಲಿ ಮಾಲೀಕರಿಗೆ ತಿಂಗಳಿಗೆ 360 ರೂಪಾಯಿ ಹೆಚ್ಚು. 20 ವರ್ಷ ದುಡಿದವನ ಗ್ರಾಚ್ಯುಟಿಯಲ್ಲಿ ಸುಮಾರು 34,600 ರೂಪಾಯಿ ಹೆಚ್ಚು. ಅದೇ 3,000 ‘ವಿಶೇಷ ಭತ್ಯೆ’, ‘ಹಾಜರಾತಿ ಭತ್ಯೆ’ ಎಂದು ಚೂರುಚೂರಾಗಿ ಬಂದರೆ ಇವುಗಳಲ್ಲಿ ಎಷ್ಟೋ ಕೈತಪ್ಪುತ್ತದೆ. ಹೊಸ ಸಂಹಿತೆಗಳಲ್ಲಿ ವೇತನದ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ್ದನ್ನು ವೇತನವೆಂದೇ ಲೆಕ್ಕ ಹಿಡಿಯಬೇಕು ಎಂದಿರುವುದು ಈ ಆಟಕ್ಕೆ ಕಡಿವಾಣ ಹಾಕಲು.

ಭತ್ಯೆ ಎಷ್ಟು ಗಾಳಿಗೋಪುರ ಎಂಬುದಕ್ಕೆ ಸಾಕ್ಷಿ ಬೇಕಾದರೆ ಆಕಾಶದಲ್ಲಿ ಕೆಲಸ ಮಾಡುವವರನ್ನು ನೋಡಬೇಕು. ವಿಮಾನದ ಪೈಲಟ್‌ಗಳ ಸಂಬಳ ನಮ್ಮ ಊರಿನ ಯಾವ ಲೆಕ್ಕಕ್ಕೂ ಸಿಗದಷ್ಟು ದೊಡ್ಡದು. ಆದರೆ ಅದರಲ್ಲಿ ದೊಡ್ಡ ಪಾಲು ಹಾರಾಟದ ಗಂಟೆಗೆ ಕಟ್ಟಿದ ಭತ್ಯೆ ಆಗಿರಬಹುದು. ಕೋವಿಡ್ ಬಂದು ವಿಮಾನಗಳು ನೆಲಕ್ಕಿಳಿದಾಗ, 2020ರಲ್ಲಿ ಆಗಿನ ಸರ್ಕಾರಿ ಏರ್ ಇಂಡಿಯಾ ಪೈಲಟ್‌ಗಳ ಬೇಸಿಕ್‌ಗೆ ಕೈ ಹಾಕಲಿಲ್ಲ. ಹಾರಾಟ ಭತ್ಯೆಯನ್ನು ಶೇ 40ರಷ್ಟು ಕಡಿಯಿತು. ಕಾಗದದ ಮೇಲೆ ‘ಮೂಲ ವೇತನ ಮುಟ್ಟಿಲ್ಲ’. ಮನೆಗೆ ಬಂದ ಹಣ ಮಾತ್ರ ಕುಸಿದುಬಿದ್ದಿತ್ತು. ಮೊದಲು ಕಡಿಯುವ ಕೊಂಬೆ ಯಾವಾಗಲೂ ಭತ್ಯೆಯೇ. ಬಿಡದಿಯ ಅಸೆಂಬ್ಲಿ ಲೈನಿನಲ್ಲೂ ಅಷ್ಟೇ, ಏರ್‌ಬಸ್ಸಿನ ಕಾಕ್‌ಪಿಟ್ಟಿನಲ್ಲೂ ಅಷ್ಟೇ.

ಪೈಲಟ್‌ಗಳಿಂದ ಇನ್ನೊಂದು ಪಾಠವೂ ಇದೆ, ಅದು ನಮ್ಮ ಬೆಂಗಳೂರಿನದೇ. ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಪೈಲಟ್‌ಗಳು, ಎಂಜಿನಿಯರ್‌ಗಳು 2012ರಲ್ಲಿ ಕೆಲಸ ನಿಲ್ಲಿಸಿದ್ದು ಏರಿಕೆ ಕೇಳಿ ಅಲ್ಲ, ತಿಂಗಳುಗಟ್ಟಲೆ ಬಾರದ ಸಂಬಳ ಕೇಳಿ. ಅಕ್ಟೋಬರ್ ಮೊದಲ ದಿನ ಹಾರಾಟ ನಿಂತಿತು, ಅದೇ ತಿಂಗಳ 20ರಂದು ಲೈಸೆನ್ಸ್ ಅಮಾನತಾಯಿತು. ಸಂಬಳದ ಅಂಕಿ ಎಷ್ಟು ದೊಡ್ಡದಿದ್ದರೂ ತಿಜೋರಿಯಲ್ಲಿ ಹಣ ಇರಬೇಕು. ಹಾಗಾಗಿ ‘ನಷ್ಟದಲ್ಲಿದ್ದೇವೆ’ ಎಂದು ಮೇಜಿನ ಆಚೆಯಿಂದ ಮಾತು ಬಂದಾಗ ಕೂಗಾಡುವುದೂ ಬೇಡ, ಕಣ್ಣು ಮುಚ್ಚಿ ನಂಬುವುದೂ ಬೇಡ. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಣ್ಣ ಶುಲ್ಕ ಕಟ್ಟಿದರೆ ಆ ಕಂಪನಿ ಸಲ್ಲಿಸಿದ ವಾರ್ಷಿಕ ಲೆಕ್ಕಪತ್ರ ಸಿಗುತ್ತದೆ. ಓದಿ ಹೇಳಲು ಒಬ್ಬ ಲೆಕ್ಕಪರಿಶೋಧಕರು ಬೇಕಾದಾರು. ಯೂನಿಯನ್ ಚಂದಾ ಹಣಕ್ಕೆ ಇದಕ್ಕಿಂತ ಒಳ್ಳೆಯ ಖರ್ಚು ನನಗೆ ಹೊಳೆಯುವುದಿಲ್ಲ.

ಮೂರನೆಯ ಪ್ರಶ್ನೆ, ಏರಿಕೆ ಡಿಎ ಸೇರಿಸಿಯೋ, ಬಿಟ್ಟೋ? ಬೆಲೆ ಸೂಚ್ಯಂಕ ಒಂದು ಅಂಕ ಏರಿದರೆ ಇಷ್ಟು ರೂಪಾಯಿ ಎಂಬ ತುಟ್ಟಿಭತ್ಯೆ ಒಪ್ಪಂದದಲ್ಲಿ ಬೇರೆಯಾಗಿ ಇದ್ದರೆ ಬೆಲೆ ಏರಿಕೆಯ ಹೊರೆ ಕಂಪನಿಯ ಹೆಗಲ ಮೇಲೆ. ಇಲ್ಲದಿದ್ದರೆ ಪೂರ್ತಿ ಕಾರ್ಮಿಕನ ಮೇಲೆ. ಯಾವ ಸೂಚ್ಯಂಕ, ಯಾವ ಮೂಲ ವರ್ಷ ಎಂಬುದನ್ನೂ ನೋಡಬೇಕು. ಕೈಗಾರಿಕಾ ಕಾರ್ಮಿಕರ ಸೂಚ್ಯಂಕದ ಮೂಲ ವರ್ಷ 2001 ಇದ್ದದ್ದು 2016 ಆದಾಗ ಹಳೆಯ ಅಂಕವನ್ನು 2.88ರಿಂದ ಭಾಗಿಸಿ ಹೊಸದಕ್ಕೆ ಇಳಿಸಬೇಕಾಯಿತು. ಅಂಕಕ್ಕೆ ಕೊಡುವ ರೂಪಾಯಿಯನ್ನು ಅಷ್ಟೇ ಪಟ್ಟು ಹೆಚ್ಚಿಸದೆ ಹೊಸ ಸೂಚ್ಯಂಕಕ್ಕೆ ಹಾರಿದರೆ ಡಿಎ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ, ಸದ್ದಿಲ್ಲದೆ.

ಬಾಕಿ ಹಣದ ಮಾತು ಚಿಕ್ಕದು: ಒಪ್ಪಂದ ತಡವಾದಷ್ಟೂ ಅರಿಯರ್ಸ್ ಬೆಳೆಯುತ್ತದೆ, ಅದು ಬೆಳೆದಷ್ಟೂ ಕಂಪನಿ ‘ಸಹಿಯಾದ ದಿನದಿಂದ’ ಎನ್ನುತ್ತದೆ. ‘ಹಳೆಯ ಒಪ್ಪಂದ ಮುಗಿದ ಮರುದಿನದಿಂದ’ ಎಂಬ ನಾಲ್ಕು ಪದ ಬರೆಸಿಕೊಳ್ಳದವರು ಹತ್ತು ತಿಂಗಳ ಏರಿಕೆಯನ್ನೇ ಕಳೆದುಕೊಂಡಾರು.

ಗೇಟ್ ಮುಚ್ಚಿದ ಮೇಲೆ

2014ಕ್ಕೆ ವಾಪಸ್ ಬರೋಣ. ಲಾಕೌಟಿಗೆ ಕಂಪನಿ ಕೊಟ್ಟ ಕಾರಣ ಸಂಬಳವಲ್ಲ. 25 ದಿನಗಳಿಂದ ಕೆಲವರು ಬೇಕೆಂದೇ ಲೈನ್ ನಿಲ್ಲಿಸುತ್ತಿದ್ದಾರೆ, ಮೇಲ್ವಿಚಾರಕರನ್ನು ಬೆದರಿಸುತ್ತಿದ್ದಾರೆ ಎಂದು ಅದು ಹೇಳಿತು. ಸಂಘ ಇದನ್ನು ಒಪ್ಪಲಿಲ್ಲ. ಮಾರ್ಚ್ 24ಕ್ಕೆ ಲಾಕೌಟ್ ತೆಗೆದರೂ ಒಳಗೆ ಬರುವವರು ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಬೇಕೆಂದಾಯಿತು. ಮುಚ್ಚಳಿಕೆ ಎಂಬ ಪದ ನಮ್ಮ ಕಡೆ ಪೊಲೀಸ್ ಠಾಣೆಯದು. ಸಹಿ ಹಾಕಿದರೆ ತಪ್ಪು ಒಪ್ಪಿದಂತೆ ಎಂದು ಕಾರ್ಮಿಕರು ಹೊರಗೇ ಕೂತರು. ಅಲ್ಲಿಗೆ 950 ರೂಪಾಯಿಯನ್ನು ಎಲ್ಲರೂ ಮರೆತರು. ಉಳಿದದ್ದು ಮಾನದ ಪ್ರಶ್ನೆ ಮತ್ತು ಈ ಗಲಾಟೆಯಲ್ಲಿ ಅಮಾನತಾದ ಕಾರ್ಮಿಕರ ಪಟ್ಟಿ. ರಾಜ್ಯ ಸರ್ಕಾರ ನಡುವೆ ಬಂದು, ಜನ ಕೆಲಸಕ್ಕೆ ಮರಳುವ ಹೊತ್ತಿಗೆ ಏಪ್ರಿಲ್ ಕೊನೆಯ ಭಾಗ.

ಆರು ವರ್ಷದ ನಂತರದ ಕತೆಯಲ್ಲಿ ಸಂಬಳದ ಅಂಕಿಯೇ ಇಲ್ಲ. 2020ರ ನವೆಂಬರ್ 9ರಂದು ಸಂಘದ ಪದಾಧಿಕಾರಿಯೊಬ್ಬರ ಅಮಾನತು ವಿರೋಧಿಸಿ ಕಾರ್ಮಿಕರು ಒಳಗೇ ಧರಣಿ ಕೂತರು. ಅವರ ದೂರು ಕೆಲಸದ ಒತ್ತಡದ್ದು. ಕಂಪನಿಯ ಪ್ರಕಾರ ಧರಣಿಯೇ ಕಾನೂನುಬಾಹಿರ. ಮರುದಿನ ಲಾಕೌಟ್. 17ರಂದು ಸರ್ಕಾರ ಮುಷ್ಕರ, ಲಾಕೌಟ್ ಎರಡನ್ನೂ ನಿಷೇಧಿಸಿತು. 19ಕ್ಕೆ ಬಾಗಿಲು ತೆರೆಯಿತು, ಬಂದವರು ಕಡಿಮೆ. 23ಕ್ಕೆ ಮತ್ತೆ ಲಾಕೌಟ್. ಅದು ತೆರವಾದದ್ದು 2021ರ ಜನವರಿ 12ಕ್ಕೆ, ಮುಷ್ಕರ ಪೂರ್ತಿ ಮುಗಿದದ್ದು ಮಾರ್ಚ್‌ನಲ್ಲಿ. ಆಡಳಿತ ಮಂಡಳಿಯ ಬೇಡಿಕೆ ಪಟ್ಟಿಯನ್ನು ಮೊದಲು ಓದಿ ಎಂದು ಮೇಲೆ ಹೇಳಿದ್ದು ಇದಕ್ಕೇ. ‘ಉತ್ಪಾದನೆ ಹೆಚ್ಚಿಸಲು ಸಹಕರಿಸುವುದು’ ಎಂಬ ಒಂದು ಸಾಲು ಸಂಬಳದ ವರ್ಷದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಲೈನಿನ ವೇಗ ಹೆಚ್ಚಿದ ವರ್ಷದಲ್ಲಿ ಅದೇ ಸಾಲು ದೊಡ್ಡಕ್ಷರದಲ್ಲಿ ಕಾಣುತ್ತದೆ. ಎಷ್ಟು ಹೆಚ್ಚು, ಎಷ್ಟು ಜನರಿಂದ, ಅಳೆಯುವವರು ಯಾರು ಎಂದು ಅಲ್ಲೇ ಬರೆಸಬೇಕು.

ಈ ಗದ್ದಲದಲ್ಲಿ ಯಾರ ಲೆಕ್ಕಕ್ಕೂ ಬಾರದವರು ಗುತ್ತಿಗೆ ಕಾರ್ಮಿಕರು ಮತ್ತು ಬಿಡಿಭಾಗ ಪೂರೈಸುವ ಸಣ್ಣ ಘಟಕದವರು. ಟೊಯೋಟಾದ ಪದ್ಧತಿಯಲ್ಲಿ ಬಿಡಿಭಾಗ ಗೋದಾಮಿನಲ್ಲಿ ಪೇರಿಸಿಡುವಂಥದ್ದಲ್ಲ, ಬೇಕಾದ ಹೊತ್ತಿಗೆ ಬೇಕಾದಷ್ಟು ಬರುವಂಥದ್ದು. ದೊಡ್ಡ ಗೇಟು ಮುಚ್ಚಿದರೆ ಸುತ್ತಲಿನ ಸಣ್ಣ ಗೇಟುಗಳೂ ತಣ್ಣಗಾಗುತ್ತವೆ. ಕಾಯಂ ನೌಕರನಿಗೆ ಕೊನೆಗೆ ಒಪ್ಪಂದವಾದರೂ ಆಗುತ್ತದೆ. ಮಾಗಡಿಯಿಂದ ಬೈಕಿನಲ್ಲಿ ಬಂದು ದಿನಗೂಲಿಗೆ ನಿಂತ ಹುಡುಗನ ಆ ವಾರಗಳ ಕೂಲಿ ಯಾವ ಒಪ್ಪಂದದಲ್ಲೂ ಅರಿಯರ್ಸ್ ಆಗಿ ಬರುವುದಿಲ್ಲ.

ರಾಮನಗರ ಜಿಲ್ಲೆಗೆ ಈಗ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ. ಬಿಡದಿ, ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಲ್ಲಿ ಒಪ್ಪಂದದ ಅವಧಿ ಮುಗಿಯುತ್ತಲೇ ಇರುತ್ತದೆ, ಹೊಸದು ಆಗುತ್ತಲೇ ಇರುತ್ತದೆ. ಕರಡು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಗೇಟ್ ಮೀಟಿಂಗಿನಲ್ಲಿ ಕೈ ಎತ್ತುವ ಮುಂಚೆ ಅದರ ಕನ್ನಡ ಪ್ರತಿ ಕೇಳಿ. ಮನೆಗೆ ಕೊಂಡುಹೋಗಿ, ಓದು ಬಲ್ಲ ಮಗಳಿಂದಲೋ ಪಕ್ಕದ ಮನೆಯ ಮೇಷ್ಟ್ರಿಂದಲೋ ಒಂದು ಸಲ ಗಟ್ಟಿಯಾಗಿ ಓದಿಸಿ ಕೇಳಿ. ಪ್ರತಿ ಕೊಡಲು ನಾಯಕರು ಹಿಂಜರಿದರೆ ಆ ದಿನ ಕೈ ಎತ್ತಬೇಡಿ.